ಎರವಲು ಹೋಗಿ ಬಂದ ಕಂಟ್ರೋಲರ್

ಮನೆಗೆ ಯಾರೇ ನೆಂಟರು ಬರಲಿ, ಊಟವಾದ ಮೇಲೆ ನೀವಿಬ್ಬರೂ ಆ ಕಥೆ ತೆಗೆಯುತ್ತೀರಿ: ಅಜ್ಜಿ ಮೇಲಿನ ಮನೆಯ ಟಿವಿಗೆ ದೆವ್ವ ಹಿಡಿಸಿದ ಕಥೆ. ಒಬ್ಬನು ಹೇಳುವುದು, ಇನ್ನೊಬ್ಬಳು ನಡುವೆ ಬಾಯಿ ಹಾಕುವುದು, ನೆಂಟರು ಹೊಟ್ಟೆ ಹಿಡಿದುಕೊಂಡು ನಗುವುದು. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಅಡುಗೆಮನೆಯಲ್ಲಿ ತಟ್ಟೆ ಎತ್ತಿಡುತ್ತ ಸುಮ್ಮನಿದ್ದುಬಿಡುತ್ತೇನೆ. ಆದರೆ ಪ್ರತಿ ಸಲವೂ ಕಥೆ ಸ್ವಲ್ಪ ಸ್ವಲ್ಪ ಬೆಳೆಯುತ್ತಿದೆ. ಹೋದ ಸಲ ನಾನು ಕಂಟ್ರೋಲರಿಗೆ ನಿಂಬೆಹಣ್ಣು ನಿವಾಳಿಸಿದೆ ಎಂದಿರಿ. ಅಂಥದ್ದೇನೂ ನಾನು ಮಾಡಿಲ್ಲ. ಆದದ್ದು ಆದ ಹಾಗೆ ಬರೆದಿಡುತ್ತೇನೆ. ನನ್ನದು ರಾಯಚೂರು ಕಡೆಯ ಹಳ್ಳಿಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದಿ. ಗೊಂದಲವಾಗದಿರಲೆಂದು ನಿಮ್ಮನ್ನು ದೊಡ್ಡವನು, ಸಣ್ಣವಳು ಎಂದೇ ಬರೆಯುತ್ತೇನೆ.

ಆ ವರ್ಷ ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ಸಣ್ಣವಳು ಹೈದರಾಬಾದಿನ ನಮ್ಮ ನಾರಾಯಣಗೂಡದ ಬಿಲ್ಡಿಂಗಿನ ಮೆಟ್ಟಿಲಲ್ಲಿ ಜಾರಿ ಬಲಗಾಲು ಮುರಿದುಕೊಂಡಳು. ತೊಡೆಯವರೆಗೆ ಪ್ಲಾಸ್ಟರು. ಹಾಲ್‌ನ ಕಿಟಕಿಗೆ ತಾಗಿಸಿ ಮಂಚ ಹಾಕಿ, ಕಾಲಿನ ಕೆಳಗೆ ದಿಂಬು ಕೊಟ್ಟು ಮಲಗಿಸಿದ್ದೆವು. ಗಾಳಿ ಬರಲಿ ಎಂದು ಕಿಟಕಿ ಹತ್ತಿರ ಹಾಕಿದ್ದು. ಬಂದದ್ದು ಕೆಳಗಿನ ಪಾರ್ಕಿಂಗಿನಲ್ಲಿ ಇಡೀ ಬಿಲ್ಡಿಂಗಿನ ಮಕ್ಕಳು ಕ್ರಿಕೆಟ್ ಆಡುವ ಗದ್ದಲ. ನಿಮ್ಮಪ್ಪ ಮಾದಾಪುರದ ಆಫೀಸಿಗೆ, ಅಮ್ಮ ಬ್ಯಾಂಕಿಗೆ ಹೋದರೆ ಮನೆಯಲ್ಲಿ ನಾವು ಮೂವರು. ಊಟ ಮುಗಿಸಿ ದೊಡ್ಡವನು ಕೆಳಗೆ ಓಡಿದ ಮೇಲೆ ಸಣ್ಣವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳುತ್ತಿರಲಿಲ್ಲ. ನಾನು ಕಥೆ ಶುರುಮಾಡಿದರೆ, "ಅದು ಗೊತ್ತೈತಿ ಅಜ್ಜಿ" ಎನ್ನುತ್ತಿದ್ದಳು. ಚೌಕಾಬಾರ ಹಾಕೋಣ ಎಂದರೆ ಕವಡೆ ನೆಲಕ್ಕೆ ಬಿದ್ದಾಗಲೆಲ್ಲ ನಾನೇ ಬಗ್ಗಿ ಎತ್ತಿಕೊಡಬೇಕಿತ್ತು. ನನ್ನ ಸೊಂಟ ಅದಕ್ಕೆ ಒಪ್ಪಲಿಲ್ಲ. ದಿನ ಹೋದಂತೆ ಮಗು ಮಾತೇ ಕಡಿಮೆ ಮಾಡಿತು.

ದೊಡ್ಡವನನ್ನು ಬೈದೆ. ಅವನೂ ಹನ್ನೊಂದು ವರ್ಷದ ಹುಡುಗ, ಎಷ್ಟೆಂದು ಕೂಡುತ್ತಾನೆ. ಆದರೂ ಒಂದು ಮಾತು ಹೇಳಿದ.

"ಇಬ್ರೂ ಕೂಡಿ ಆಡಂಗಿದ್ರ ನಾ ಇಲ್ಲೇ ಇರ್ತೀನಿ ಅಜ್ಜಿ. ಸುಮ್ನ ಆಕಿ ಮಾರಿ ನೋಡ್ಕೊಂತ ಕುಂದ್ರಾಕ ನನ್ನಿಂದ ಆಗಂಗಿಲ್ಲ."

ಇಬ್ಬರೂ ಕೂಡಿ ಆಡುವುದು ಎಂದರೆ ಆ ಕಂಪ್ಯೂಟರಿನಲ್ಲಿ. ನಿಮ್ಮಪ್ಪ ಯಾವುದೋ ಆಫೀಸಿನವರು ತೆಗೆದುಹಾಕಿದ ಹಳೆಯ ಕಂಪ್ಯೂಟರನ್ನು ತಂದು, ತಾನು ಹುಡುಗನಾಗಿದ್ದಾಗ ಟ್ಯೂಷನ್ ತಪ್ಪಿಸಿ ವಿಡಿಯೋ ಪಾರ್ಲರಿನಲ್ಲಿ ಆಡುತ್ತಿದ್ದ ಆಟಗಳನ್ನೆಲ್ಲ ಅದರಲ್ಲಿ ತುಂಬಿಸಿ, ಟಿವಿಗೆ ಜೋಡಿಸಿಟ್ಟಿದ್ದ. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು. ಆಟಗಳೂ ಅಷ್ಟೇ ಹಳೆಯವು: ಮನುಷ್ಯರು ರಂಗೋಲಿ ಚುಕ್ಕಿ ಜೋಡಿಸಿದ ಹಾಗೆ ಚೌಕಚೌಕವಾಗಿ ಕಾಣುತ್ತಾರೆ. ಅದರಲ್ಲಿ ಒಂದು ಟೆನಿಸ್ ಆಟವಿತ್ತು. ನಿಮಗಿಬ್ಬರಿಗೂ ಅದೇ ಬೇಕು. ಆಡಲು ಎರಡು ಕಂಟ್ರೋಲರ್. ಒಂದಕ್ಕೆ ತಂತಿ ಇತ್ತು, ಗಿಡ್ಡ ತಂತಿ, ಟಿವಿಯ ಮುಂದೆ ನೆಲದ ಮೇಲೆ ಕೂತೇ ಆಡಬೇಕು. ಇನ್ನೊಂದಕ್ಕೆ ತಂತಿಯಿಲ್ಲ. ಅದು ಮಂಚದವರೆಗೆ ಬರುತ್ತದೆ. ಪ್ಲಾಸ್ಟರಿನ ಕಾಲಿಗೆ ಅದೊಂದೇ ದಾರಿ. ಆ ತಂತಿಯಿಲ್ಲದ್ದೇ ಕೈಕೊಟ್ಟಿತ್ತು.

ಕೈಕೊಟ್ಟಿತ್ತು ಎಂದರೆ ಪೂರ್ತಿ ಸತ್ತಿರಲಿಲ್ಲ. ಸತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನಡುವಿನ ಗುಂಡಿ ಒತ್ತಿದರೆ ನೀಲಿ ದೀಪ ಪಿಳಿಪಿಳಿ ಎನ್ನುತ್ತದೆ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ದೀಪ ನಿಂತಿತೆಂದರೆ ಜೋಡಣೆಯಾಯಿತೆಂದು ಅರ್ಥವಂತೆ. ಇತ್ತ ಕಂಪ್ಯೂಟರು ನನಗೆ ಒಂದೇ ಕಂಟ್ರೋಲರ್ ಕಾಣುತ್ತಿದೆ, ಎರಡನೆಯದು ಎಲ್ಲಿ ಎಂದು ಕೇಳುತ್ತದೆ. ಬಂದೆ ಎಂದು ಇದು, ಬಂದೇ ಇಲ್ಲ ಎಂದು ಅದು. ಇಬ್ಬರ ನಡುವೆ ನ್ಯಾಯ ಹೇಳಲು ನಾನು.

ದೊಡ್ಡವನು ಅಪ್ಪನಿಗೆ ಫೋನ್ ಹಚ್ಚಿದ. ಬಂದ್ ಮಾಡಿ ಚಾಲೂ ಮಾಡಿ ಎಂದು ಬಂತು ಉತ್ತರ. ಮಾಡಿದೆವು. ಚಾರ್ಜಿಗೆ ಹಾಕಿ ನೋಡಿ ಎಂದ. ಹಾಕಿದೆವು, ಅದು ಇಡೀ ದಿನ ಕರೆಂಟು ಕುಡಿದು ಕೂತಿತು, ಆಡಲಿಲ್ಲ. ಚಾರ್ಜಿನ ತಂತಿಯನ್ನೇ ಕಂಪ್ಯೂಟರಿಗೆ ಹಚ್ಚಿದರೆ ಹೇಗೆ ಎಂದು ದೊಡ್ಡವನು ಹೊಸ ಉಪಾಯ ಹೂಡಿದ. ಅಲ್ಲೂ ಕುಡಿಯಿತು, ಅಷ್ಟೇ. ಆ ತಿಂಗಳು ನಿಮ್ಮಪ್ಪನ ಆಫೀಸಿನಲ್ಲಿ ಏನೋ ದೊಡ್ಡ ಕೆಲಸ ನಡೆದಿತ್ತು. ರವಿವಾರವೂ ಹೋಗುತ್ತಿದ್ದ. ಮನೆಗೆ ಬಂದಾಗ ಅವನ ಕಣ್ಣು ನೋಡಿದರೆ ಕಂಟ್ರೋಲರಿನ ಸುದ್ದಿ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಆದರೂ ಒಂದು ದಿನ ಮಧ್ಯಾಹ್ನ ಫೋನಿನಲ್ಲಿ ನಾನೇ ಕೇಳಿದೆ.

"ದೀಪ ನಿಂತೈತಿಲ್ಲೋ ಅವ್ವಾ? ನಿಂತಿದ್ರ ಕಂಟ್ರೋಲರ್ ಚಲೋ ಐತಿ. ಕಂಪ್ಯೂಟರ್ ಹಳೇದು, ಅದರದ ತಪ್ಪು," ಎಂದ. ಆನ್‌ಲೈನಿನಲ್ಲಿ ಬೆರಳ ತುದಿಯಷ್ಟು ಸಣ್ಣ ಒಂದು ತುಂಡು ತರಿಸಿದ. ಅದನ್ನು ಚುಚ್ಚಿದರೆ ಕಂಪ್ಯೂಟರಿಗೆ ಹೊಸ ಕಿವಿ ಬಂದಂತೆ ಎಂದ. ಚುಚ್ಚಿದೆವು. ಹೊಸ ಕಿವಿಗೂ ಕೇಳಿಸಲಿಲ್ಲ.

ಮುಂದಿನದೆಲ್ಲ ನೆನೆಸಿಕೊಂಡರೆ ಈಗಲೂ ತಲೆ ಬಿಸಿಯಾಗುತ್ತದೆ. ಲೋಹದ ಸಾಮಾನು ನಡುವಿದ್ದರೆ ಹೀಗಾಗುತ್ತದೆ ಎಂದು ದೊಡ್ಡವನು ಎಲ್ಲೋ ಓದಿದ. ಶೋಕೇಸಿನಲ್ಲಿ ಟಿವಿಯ ಅಕ್ಕಪಕ್ಕ ನಾನು ಒಂದರ ಮೇಲೊಂದು ಏರಿಸಿಟ್ಟಿದ್ದ ಹಿತ್ತಾಳೆ ಕೊಡ, ತಂಬಿಗೆ, ಸ್ಟೀಲಿನ ಡಬ್ಬಿ ಎಲ್ಲ ಇಳಿದು ಅಡುಗೆಮನೆಯ ನೆಲ ಸೇರಿದವು. ಕಾಲಿಡಲು ಜಾಗವಿಲ್ಲದೆ ನಾನು ಕೊಡಗಳ ಸಂದಿಯಲ್ಲಿ ನಿಂತು ಕಾಯಿಪಲ್ಯ ಹೆಚ್ಚಿದೆ. ಏನೂ ಆಗಲಿಲ್ಲ, ಎಲ್ಲ ತಿರುಗಿ ಏರಿಸಿದೆ. ಕೂಲರಿನ ಗಾಳಿ ಅಡ್ಡ ಬರುತ್ತದೆಯೇನೋ ಎಂದು ಅದನ್ನು ಬಂದ್ ಮಾಡಿ ಹೈದರಾಬಾದಿನ ಆ ಬಿಸಿಲಿನಲ್ಲಿ ಮೂವರೂ ಬೆವತು ಕೂತೆವು. ಮಂಚವನ್ನು ಟಿವಿಯ ಹತ್ತಿರ ಎಳೆಯಲು ಹೋಗಿ ಮಗುವಿನ ಕಾಲು ಅಲುಗಿ ಅದು ಚೀರಿತು. ನಾನು ಕಂಟ್ರೋಲರಿನ ಗುಂಡಿಗಳ ಸಂದಿಯನ್ನೆಲ್ಲ ಹಲ್ಲುಕಡ್ಡಿಯಿಂದ ಕೆರೆದು, ಒಣ ಬಟ್ಟೆಯಿಂದ ತಿಕ್ಕಿದೆ. ಸಂದಿಯಲ್ಲಿ ಎಣ್ಣೆಜಿಡ್ಡು ಇರುತ್ತದೆ ಎಂಬುದು ನನ್ನ ಗುಮಾನಿ. ಯಾಕೆ ಆ ಗುಮಾನಿ ಬಂತೆಂದು ಹೇಳಬೇಕು.

ಕಾಲು ಮುರಿಯುವುದಕ್ಕೆ ಸ್ವಲ್ಪ ಮೊದಲು ಮೇಲಿನ ಮನೆಯ ಸೊಸೆ ಬಂದಿದ್ದಳು. ವರಂಗಲ್ ಕಡೆಯ ಹುಡುಗಿ, ಅವಳ ಅಕ್ಕನ ಮಕ್ಕಳು ನಾಲ್ಕು ದಿನ ಇರಲು ಬಂದಿದ್ದವು. ನಿಮ್ಮಲ್ಲಿ ತಂತಿಯಿಲ್ಲದ ಕಂಟ್ರೋಲರ್ ಇದೆಯಂತಲ್ಲ, ನಮ್ಮ ಟಿವಿಯಲ್ಲೂ ಆಟ ಬರುತ್ತವೆ, ಮಕ್ಕಳು ಇರುವಷ್ಟು ದಿನ ಕೊಡುತ್ತೀರಾ ಎಂದು ಕೇಳಿದಳು. ನಿಮ್ಮಮ್ಮ ಕೂಡಲೇ ತೆಗೆದುಕೊಟ್ಟಳು. ನಾನಾಗಿದ್ದರೂ ಕೊಡುತ್ತಿದ್ದೆ. ನಮ್ಮೂರಿನಲ್ಲಿ ಶ್ಯಾವಿಗೆ ಮಣೆ ಇದ್ದದ್ದು ಓಣಿಗೆ ಒಂದು. ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತ ಬೇಸಿಗೆ ಕಳೆಯುತ್ತಿತ್ತು. ಕೇಳಿದವರಿಗೆ ಇಲ್ಲ ಎನ್ನುವುದು ನಮಗೆ ಬರುವುದಿಲ್ಲ. ಒಯ್ದವರು ವಾಪಸ್ ಕೊಡುವಾಗ ಬರಿಗೈಯಲ್ಲಿ ಬರುವುದೂ ಇಲ್ಲ. ಈ ಮಾತಿನಲ್ಲಿ ತೆಲುಗಿನವರೂ ನಮ್ಮಂಥವರೇ. ಕಂಟ್ರೋಲರ್ ತಿರುಗಿ ಬಂದಾಗ ಜೊತೆಗೆ ಒಂದು ಸ್ಟೀಲ್ ಡಬ್ಬಿ ತುಂಬ ಸಕಿನಾಲು ಬಂತು, ಎಳ್ಳು ಹಾಕಿದ ಅಕ್ಕಿಹಿಟ್ಟಿನ ಚಕ್ಕುಲಿ. ಸಕಿನಾಲು ತಿಂದ ಕೈಯಿಂದಲೇ ಆ ಮಕ್ಕಳು ಆಡಿರುತ್ತವೆ, ಎಣ್ಣೆ ಒಳಗಿಳಿದಿದೆ ಎಂದು ನಾನು ತೀರ್ಮಾನಿಸಿದ್ದೆ. ನಮ್ಮವೂ ತಿಂದ ಕೈಯಿಂದಲೇ ಆಡುತ್ತಿದ್ದವು, ಅದು ಬೇರೆ.

ಹಲ್ಲುಕಡ್ಡಿಯ ಕೆಲಸವೂ ಸೋತ ಮೇಲೆ ದೊಡ್ಡವನು ಕೈ ಝಾಡಿಸಿದ. "ಅದು ಸತ್ತೈತಿ ಅಜ್ಜಿ, ಬಿಡು," ಎಂದು ಬ್ಯಾಟು ಹೆಗಲಿಗೆ ಹಾಕಿಕೊಂಡು ಕೆಳಗೆ ಹೋದ. ಅವನು ಹೇಳಿದ ಮಾತಿಗೆ ತಪ್ಪಿರಲಿಲ್ಲ. ಆಡಲಿಕ್ಕೆ ಆದರೆ ಇರುತ್ತೇನೆ ಎಂದಿದ್ದ, ಆಗಲಿಲ್ಲ, ಹೋದ.

ಆಮೇಲೆ ಸಣ್ಣವಳು ಮಾಡತೊಡಗಿದ್ದು ನನ್ನಿಂದ ನೋಡಲಾಗುತ್ತಿರಲಿಲ್ಲ. ಟಿವಿ ಬಂದ್ ಇರುತ್ತಿತ್ತು. ಆ ಕೆಟ್ಟ ಕಂಟ್ರೋಲರಿನ ನೀಲಿ ದೀಪ ಹಚ್ಚಿ ಹೊಟ್ಟೆಯ ಮೇಲಿಟ್ಟುಕೊಂಡು, ಕಪ್ಪು ಪರದೆಯನ್ನು ನೋಡುತ್ತ ಒಬ್ಬಳೇ ಟೆನಿಸ್ ಆಡುವಳು. ಚೆಂಡು ಹೊಡೆದ ಸದ್ದನ್ನು ಬಾಯಿಂದ ತಾನೇ ಮಾಡುವಳು. ಸರ್ವಿಸ್ ಮಾಡುವ ಮೊದಲು ಮೇಲಕ್ಕೆ ಸರಿಸುವ ಮೇಲ್ಗುಂಡಿಯನ್ನು ಟಕಟಕ ಒತ್ತುವ ಚಾಳಿ ಅವಳಿಗೆ ಮುಂಚಿನಿಂದ ಇತ್ತು, ಅದನ್ನೂ ಬಿಡದೆ ಒತ್ತುವಳು. ನೀರು ಕುಡಿಯಲು ಮೇಲೆ ಬಂದ ದೊಡ್ಡವನು ಅದನ್ನು ಕಂಡ.

"ಸತ್ತದ್ದನ್ನ ಹಿಡ್ಕೊಂಡು ಆಡಾಕತ್ತಿ, ಹುಚ್ಚಿ."

"ನಿನಗೇನು? ನಾ ಗೆಲ್ಲಾಕತ್ತೀನಿ," ಎಂದಳು, ಅವನ ಕಡೆ ತಿರುಗದೆ.

ಅವನು ನಕ್ಕು ಹೋದ. ನನಗೆ ನಗು ಬರಲಿಲ್ಲ. ಇನ್ನೂ ಎಷ್ಟೋ ವಾರ ಪ್ಲಾಸ್ಟರು ಇರಬೇಕಿತ್ತು. ಮಗು ಹೀಗೇ ಗೋಡೆಗೆ, ಕಪ್ಪು ಪರದೆಗೆ ಮಾತಾಡುತ್ತ ಬೇಸಿಗೆ ಕಳೆಯುತ್ತದೆಯೇ ಎಂದು ಚಿಂತೆಯಾಯಿತು. ಮೇಲಿನ ಮನೆಯ ಮಕ್ಕಳು ಅದಕ್ಕೆ ಏನು ಮಾಡಿದರು ಎಂದು ಕೇಳಿಯೇಬಿಡಬೇಕು ಅನಿಸಿತು. ಕೇಳುವವರು ಯಾರು? ನಿಮ್ಮಮ್ಮ ಬರುವುದು ಸಂಜೆ, ಬಂದವಳು ಒಲೆಯ ಮುಂದೆ. ಅಲ್ಲದೆ, ಎರವಲು ಕೊಟ್ಟ ಮೇಲೆ ಕೆಡಿಸಿದಿರಾ ಎಂದು ಕೇಳುವುದು ಚೆನ್ನಾಗಿರುವುದಿಲ್ಲ ಎಂದು ಅವಳ ವಾದ. ನಾನು ಆ ಬಿಲ್ಡಿಂಗಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮೇಲಿನ ಮನೆಯ ಹೊಸ್ತಿಲು ತುಳಿದವಳಲ್ಲ. ನಿಮ್ಮಜ್ಜ ಇದ್ದಾಗ ಹೊರಗಿನ ಮಾತೆಲ್ಲ ಅವರದೇ. ಅವರು ಹೋದ ಮೇಲೆ ನಾನು ಮೆಟ್ಟಿಲಲ್ಲಿ ಎದುರಾದವರಿಗೆ ತಲೆ ಆಡಿಸಿ ಸರಿದುಹೋಗುತ್ತಿದ್ದೆ. ತೆಲುಗು ಎಲ್ಲ ತಿಳಿಯುತ್ತದೆ. ಆಡಲು ಹೋದರೆ ನಾಲಿಗೆ ಕಟ್ಟುತ್ತದೆ.

ನೆವಕ್ಕೆ ಡಬ್ಬಿ ಇತ್ತು. ಸಕಿನಾಲು ಬಂದ ಡಬ್ಬಿಯನ್ನು ಕಾಲಿನ ಗಲಾಟೆಯಲ್ಲಿ ವಾಪಸ್ ಕೊಟ್ಟೇ ಇರಲಿಲ್ಲ. ಖಾಲಿ ಕೊಡುವಂತಿಲ್ಲ. ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬಿಸಿದೆ. ಸಣ್ಣವಳಿಗೆ ಈಗ ಬಂದೆ ಎಂದು ಹೇಳಿ ಬಾಗಿಲು ಎಳೆದುಕೊಂಡು ಮೆಟ್ಟಿಲು ಹತ್ತಿದೆ. ಹೇಳಬೇಕಾದ ತೆಲುಗು ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅವರ ಬಾಗಿಲಿಗೆ ಬರುವಷ್ಟರಲ್ಲಿ ಅರ್ಧ ಮರೆತಿತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ಆಗಲೇ ಜಗಳ. ಆ ಮನೆಯ ಹಿರಿಯಾಕೆ, ಸೊಸೆಯ ಅತ್ತೆ, ನನ್ನ ವಾರಿಗೆಯವರು, ಟಿವಿ ಮುಂದಿನ ಕುರ್ಚಿಯಲ್ಲಿ ಕೂತು ಕೆಂಪಾಗಿದ್ದರು. ಸೊಸೆ ನನ್ನನ್ನು ಕಂಡು ಬನ್ನಿ ಬನ್ನಿ ಎಂದು ಕುರ್ಚಿ ಎಳೆದಳು, ಡಬ್ಬಿ ತೆಗೆದುಕೊಂಡಳು. ನನ್ನ ಮಾತು ಹೊರಡುವ ಮೊದಲೇ ಹಿರಿಯಾಕೆ ತಮ್ಮ ಗೋಳು ತೋಡಿಕೊಂಡರು. ಹೊಸ ಟಿವಿಯಂತೆ, ಮಧ್ಯಾಹ್ನ ಅವರ ಧಾರಾವಾಹಿ ಶುರುವಾಯಿತೆಂದರೆ ಸಾಕಂತೆ, ತಾನೇ ಎಲ್ಲೆಲ್ಲೋ ಓಡುತ್ತದಂತೆ. ಮೆಕ್ಯಾನಿಕ್ ಬಂದು ನೋಡಿ, ಸರಿ ಇದೆ ಎಂದು ಹೋದನಂತೆ. ಅವನಿದ್ದಾಗ ಸರಿಯೇ ಇತ್ತಂತೆ. ಸೊಸೆ ತನ್ನ ಫೋನಿನಿಂದ ಏನೋ ಮಾಡುತ್ತಾಳೆ, ತನಗೆ ಧಾರಾವಾಹಿ ನೋಡಲು ಬಿಡಬಾರದೆಂದು ಹಟ ಎಂದು ಅವರ ದೂರು. ಸೊಸೆ ಬೇಸತ್ತು ಫೋನನ್ನು ಅತ್ತೆಯ ಮಡಿಲಿನಲ್ಲೇ ಇಟ್ಟಿದ್ದಳು. ರಿಮೋಟಿನ ಸೆಲ್ಲು ತೆಗೆದು ದೇವರ ಮುಂದೆ ಇಟ್ಟಿದ್ದರು.

ಇಷ್ಟು ಹೇಳುವುದರೊಳಗೆ ಟಿವಿಯಲ್ಲಿ ತಾಳಿ ಕಟ್ಟಲು ಎತ್ತಿದ ಕೈ ಮಾಯವಾಯಿತು. ಪರದೆಯ ತುಂಬ ಸಣ್ಣಸಣ್ಣ ಚಿತ್ರಗಳ ಸಾಲು.

"ಚೂಡಂಡಿ, ಮಳ್ಳೀ ಮೊದಲೈಂದಿ," ಎಂದರು ಹಿರಿಯಾಕೆ. ನೋಡಿ, ಮತ್ತೆ ಶುರುವಾಯಿತು ಎಂದು. ಆಮೇಲೆ ದನಿ ತಗ್ಗಿಸಿ, ಇದು ದೆಯ್ಯದ ಕೆಲಸವೇ ಎಂದರು. ದೆಯ್ಯ ಎಂದರೆ ದೆವ್ವ.

ನಾನು ನೋಡುತ್ತ ನಿಂತೆ. ಚಿತ್ರಗಳು ಎಡಕ್ಕೆ ಸರಿದವು, ಬಲಕ್ಕೆ ಸರಿದವು, ಮತ್ತೆ ಎಡಕ್ಕೆ. ಚೆಂಡಿನ ಹಿಂದೆ ಓಡುವ ಹಾಗೆ. ಸ್ವಲ್ಪ ನಿಂತವು. ಆಮೇಲೆ ಟಕಟಕ ಮೇಲಕ್ಕೆ ಹೋದವು. ಮತ್ತೆ ಎಡ, ಬಲ. ನಿಂತವು. ಟಕಟಕ ಮೇಲಕ್ಕೆ. ಆ ಬೆರಳನ್ನು ನಾನು ದಿನವಿಡೀ ನೋಡಿದವಳು. ಕೆಳಗೆ ನಮ್ಮ ಮಂಚದ ಮೇಲೆ ಈ ಹೊತ್ತಿಗೆ ಏನು ನಡೆದಿದೆ ಎಂದು ಕಣ್ಣಿಗೆ ಕಟ್ಟಿತು. ನಮ್ಮ ಹಾಲ್‌ನ ನೆತ್ತಿಯ ಮೇಲೇ ಅವರ ಹಾಲ್. ದೀಪ ಗಟ್ಟಿಯಾಗಿ ನಿಲ್ಲುತ್ತಿತ್ತಲ್ಲ, ಅದು ಸುಳ್ಳಾಡುತ್ತಿರಲಿಲ್ಲ. ಜೋಡಣೆಯಾಗುತ್ತಿತ್ತು, ಈ ಮನೆಗೆ.

ಜೋಡಿಸಿಕೊಂಡು ಬಂದಿದ್ದ ತೆಲುಗು ಎಲ್ಲ ಹಾರಿಹೋಗಿ, ಬಾಯಿಗೆ ಬಂದದ್ದು ಬಂತು.

"ಅದಿ ದೆಯ್ಯಂ ಕಾದು," ಎಂದೆ. "ಮಾ ಪಿಲ್ಲ." ದೆವ್ವ ಅಲ್ಲ, ನಮ್ಮ ಹುಡುಗಿ.

ಅತ್ತೆ ಸೊಸೆ ಇಬ್ಬರೂ ನನ್ನನ್ನು ನೋಡಿದ ರೀತಿ ಈಗಲೂ ಮರೆತಿಲ್ಲ. ಮಾತೇ ಆಡದ ಕೆಳಗಿನ ಮನೆಯ ಮುದುಕಿ ಮೊದಲ ಸಲ ಬಾಯಿ ಬಿಟ್ಟು ಇಂಥ ಮಾತಾಡಿದರೆ ಯಾರಾದರೂ ಹಾಗೇ ನೋಡುತ್ತಾರೆ. ಬಿಡಿಸಿ ಹೇಳಲು ಭಾಷೆ ಸಾಲಲಿಲ್ಲ. ಸರಸರ ಅವರ ಬಾಲ್ಕನಿಗೆ ಹೋಗಿ ಕೆಳಗಿನ ನಮ್ಮ ಕಿಟಕಿಗೆ ಕೇಳುವಂತೆ ಕೂಗಿದೆ. ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದು ಊರಿನ ಹೊಲದಲ್ಲಿ ಹಕ್ಕಿ ಓಡಿಸುವಾಗ, ಆಮೇಲೆ ಅವತ್ತು.

"ಏ ಪುಟ್ಟವ್ವಾ, ಒತ್ತಬ್ಯಾಡ, ಕೈ ತಗಿ."

ಟಿವಿ ನಿಂತಿತು.

"ಈಗ ಒತ್ತು."

ಓಡಿತು.

ಸೊಸೆಗೆ ಕ್ಷಣದಲ್ಲಿ ಹೊಳೆಯಿತು. ನಕ್ಕು ನಕ್ಕು ಕೂತುಬಿಟ್ಟಳು, ನಗುತ್ತಲೇ ನನಗೆ ತಿಳಿಸಿದಳು. ಈ ಕಂಟ್ರೋಲರ್ ಕೊನೆಗೆ ಯಾವ ಮನೆಯಲ್ಲಿ ಆಡಿತ್ತೋ ಆ ಮನೆಯನ್ನೇ ಹುಡುಕುತ್ತದಂತೆ. ಇವರ ಟಿವಿಯಲ್ಲಿ ಅದರ ಹೆಸರು ಇನ್ನೂ ಕೂತಿತ್ತು. ಕೊಡುವಾಗ ಅಳಿಸಿಕೊಡಬೇಕೆಂದು ಅವರಿಗೆ ತೋಚಿರಲಿಲ್ಲ, ಅಳಿಸಿದ್ದೀರಾ ಎಂದು ಕೇಳಬೇಕೆಂದು ನಮಗೂ ತೋಚಿರಲಿಲ್ಲ. ಹೇಗೆ ತೋಚಬೇಕು? ಶ್ಯಾವಿಗೆ ಮಣೆ ಹತ್ತು ಮನೆ ತಿರುಗಿ ಬಂದರೂ ನಮ್ಮ ಹಿಟ್ಟನ್ನು ಪಕ್ಕದ ಮನೆಯಲ್ಲಿ ಒತ್ತುವುದಿಲ್ಲ. ಇಷ್ಟು ದಿನ ಕೊಡ ಇಳಿಸಿ, ಕೂಲರು ನಿಲ್ಲಿಸಿ, ಹಲ್ಲುಕಡ್ಡಿ ಮುರಿದು ನಾನು ಪಟ್ಟ ಪಾಡು ನೆನೆದು ನನಗೆ ನಗುವಿಗಿಂತ ಸಿಟ್ಟೇ ಬಂತು. ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯದೆ ಅವರು ಕೊಟ್ಟ ಮಜ್ಜಿಗೆ ಕುಡಿದೆ.

ಹಿರಿಯಾಕೆ ಮಾತ್ರ ನಗಲಿಲ್ಲ. ನಿಮ್ಮ ಮೊಮ್ಮಗಳು ಒಂದು ವಾರದಿಂದ ಆ ಮದುವೆ ಆಗಗೊಟ್ಟಿಲ್ಲ ಎಂದರು. ಸೊಸೆಯ ಫೋನನ್ನು ಮಡಿಲಿನಿಂದ ತೆಗೆದು, ಅವಳ ಮುಖ ನೋಡದೆ, ತಿರುಗಿ ಕೊಟ್ಟರು.

ಸೊಸೆ ತಮ್ಮ ಟಿವಿಯಲ್ಲಿ ಹೆಸರು ಅಳಿಸಿ ನನ್ನ ಜೊತೆಗೇ ಕೆಳಗೆ ಬಂದಳು. ಪಾರ್ಕಿಂಗಿನಿಂದ ದೊಡ್ಡವನನ್ನು ಕೂಗಿ ಕರೆದೆವು. ಬ್ಯಾಟಿಂಗ್ ಬಿಟ್ಟು ಬರಬೇಕಾಯಿತೆಂದು ಮುಖ ಗಂಟು ಹಾಕಿಕೊಂಡೇ ಬಂದ. ನಮ್ಮ ಕಂಪ್ಯೂಟರಿನಲ್ಲಿದ್ದ ಹಳೆಯ ಹೆಸರನ್ನೂ ಅವನು ಅಳಿಸಬೇಕಿತ್ತಂತೆ. ಅದಿದ್ದರೆ ಹೊಸದಾಗಿ ಬಂದವರನ್ನು ಅದು ಗುರುತಿಸುವುದಿಲ್ಲವಂತೆ. ಅಳಿಸಿದ. ಕಂಟ್ರೋಲರಿನ ನೆತ್ತಿಯ ಮೇಲಿನ ಸಣ್ಣ ಗುಂಡಿಯನ್ನು ದೀಪ ಅವಸರದಿಂದ ಮಿನುಗುವವರೆಗೆ ಒತ್ತಿ ಹಿಡಿದ. ಪರದೆಯ ಮೇಲೆ ಹೆಸರು ಮೂಡಿತು. ಮೊದಲ ಸಲ ಬಂದು ಹೋಯಿತು. ಎರಡನೆಯ ಸಲ ನಿಂತಿತು. ಪರದೆಯ ಆಚೆ ಬದಿಯಲ್ಲಿ ಚೌಕಚೌಕದ ಎರಡನೆಯ ಮನುಷ್ಯ ಬ್ಯಾಟು ಹಿಡಿದು ಬಂದು ನಿಂತ.

ಸಣ್ಣವಳು ದಿಂಬು ಸರಿಮಾಡಿಕೊಂಡು, ಟಕಟಕ ಮೇಲ್ಗುಂಡಿ ಒತ್ತಿ ಸರ್ವಿಸ್ ಮಾಡಿದಳು. ಒಂದೇ ಆಟ, ಆಮೇಲೆ ನಾ ಹೋಗಾಂವ ಎಂದು ದೊಡ್ಡವನು ಮೊದಲೇ ಹೇಳಿ, ಬ್ಯಾಟನ್ನು ಬಾಗಿಲ ಬಳಿ ಒರಗಿಸಿ ಕೂತಿದ್ದ. ಆ ಆಟ ಸೋತ. ಎರಡನೆಯದನ್ನೂ ಸೋತ. ಅಷ್ಟು ದಿನ ಕಪ್ಪು ಪರದೆಯ ಮುಂದೆ ಅವಳ ಬೆರಳು ಸುಮ್ಮನೆ ಕೂತಿರಲಿಲ್ಲ.

ಕೆಳಗಿನಿಂದ ಹುಡುಗರು ಕೂಗಿದರು, "ರಾರಾ, ನೀ ಬ್ಯಾಟಿಂಗೇ." ಬಾರೋ, ಬ್ಯಾಟಿಂಗ್ ನಿನ್ನದೇ ಎಂದು. ಅವನ ಸರದಿ ಇನ್ನೂ ಇತ್ತಂತೆ. ಮತ್ತೆ ಕೂಗಿದರು. ಸಣ್ಣವಳ ಕಿವಿ ಕಿಟಕಿಯ ಕಡೆ ನಿಂತದ್ದು ನನಗೆ ಗೊತ್ತಾಯಿತು. ದೊಡ್ಡವನು ಎದ್ದು, ಮಂಚ ದಾಟಿ ಕಿಟಕಿಗೆ ಮುಖ ಹಚ್ಚಿ, ನಾನು ಬರುವುದಿಲ್ಲ, ನೀವೇ ಆಡಿ ಎಂದು ತೆಲುಗಿನಲ್ಲಿ ಹೇಳಿ ಕಿಟಕಿ ಮುಚ್ಚಿದ. ತಿರುಗಿ ಬಂದು ಗಿಡ್ಡ ತಂತಿಯ ಮುಂದೆ ಕೂತು, "ಈಗ ಹಾಕು ನೋಡೋಣ," ಎಂದ.

ಒಬ್ಬರಿಗಾದರೂ ನನ್ನ ನೆನಪು ಬಂದೀತು, ಹೇಗೆ ಕಂಡುಹಿಡಿದೆ ಅಜ್ಜಿ ಎಂದು ಕೇಳಿಯಾರು ಎಂದು ಟಿವಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ.

"ಅಜ್ಜಿ, ನಡು ನಿಂದರಬ್ಯಾಡ, ಬಾಲ್ ಕಾಣವಲ್ದು," ಎಂದಳು ಸಣ್ಣವಳು.

"ಹಂಗ ಬಾಗಿಲಾ ಹಾಕು, ಕುಕ್ಕರಿನ ಸಪ್ಪಳ ಬರಾಕತ್ತೈತಿ," ಎಂದ ದೊಡ್ಡವನು.

ಹೋಗಿ ಬಾಗಿಲು ಹಾಕಿಕೊಂಡು ಬೇಳೆ ನೋಡಿದೆ. ತಳ ಹತ್ತಿತ್ತು.